ಕೇಸು ನಡೆಸದ ಮೇಷ್ಟ್ರಿಗೆ ಆರು ಪುಟ ಯಾಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಕಾನೂನು ಪ್ರಾಧ್ಯಾಪಕರೊಬ್ಬರ ಲೇಖನಕ್ಕೆ ಆರು ಪುಟ ಕೊಟ್ಟಿದ್ದೀರಿ. ಅವರು ಒಂದು ದಿನವಾದರೂ ಕರಿಕೋಟು ಹಾಕಿ ಪಾಟೀಸವಾಲು ಮಾಡಿದ್ದಾರಾ? ದಡದಲ್ಲಿ ನಿಂತು ಈಜು ಹೇಳಿಕೊಡುವವರಿಗೆ ಇಷ್ಟು ಮರ್ಯಾದೆ ಬೇಕಾ?
– ಹಾಸನದ ಒಬ್ಬ ವಕೀಲರು

ಉತ್ತರ: ವಕೀಲರೇ, ಸಾಕ್ಷಿ ಬಂದಿಲ್ಲ ಅಂತ ವಾಯಿದೆ ತಗೊಂಡು, ಹೊರಗೆ ಕಾದಿರುವ ಕಕ್ಷಿದಾರನಿಗೆ ಮುಖ ತೋರಿಸುವ ಕಷ್ಟ ಮೇಷ್ಟ್ರಿಗೆ ಗೊತ್ತಿಲ್ಲ. ಒಪ್ಪಿದೆ. ಅಷ್ಟೇ ಒಪ್ಪೋದು.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ಕೇಸು ನಿಮಗೆ ನೆನಪಿರಬೇಕು. ಹೈಕೋರ್ಟ್ ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿದ್ದನ್ನು ನಂಬೋಕಾಗಲ್ಲ ಅಂತ. ರಾತ್ರಿ ಹೊತ್ತು, ಠಾಣೆಯೊಳಗೆ, ಎದುರಿಗೆ ಪೊಲೀಸರು. ಯಾರನ್ನು ಕೂಗಬೇಕಿತ್ತೋ!

ಆ ತೀರ್ಪನ್ನು ಹಿಡಿದು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದವರು ನಾಲ್ವರು ಕಾನೂನು ಮೇಷ್ಟ್ರು: ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್ವಾರ್. ಹೆದರಿ ಸುಮ್ಮನಾಗೋದು ಬೇರೆ, ಒಪ್ಪೋದು ಬೇರೆ ಅನ್ನೋದು ಅವರ ವಾದ. ಮಹಿಳಾ ಸಂಘಟನೆಗಳು ಬೀದಿಗಿಳಿದವು. ತೀರ್ಪು ಬದಲಾಗಲಿಲ್ಲ, 1983ರಲ್ಲಿ ಕಾನೂನೇ ಬದಲಾಯಿತು. ಪೊಲೀಸರ ವಶದಲ್ಲಿದ್ದಾಗ ಸಂಭೋಗ ನಡೆದದ್ದು ಸಾಬೀತಾಗಿ, ಆಕೆ ‘ನಾನು ಒಪ್ಪಿರಲಿಲ್ಲ’ ಎಂದು ಹೇಳಿದರೆ, ಕೋರ್ಟು ಮೊದಲು ಆ ಮಾತನ್ನೇ ನಿಜವೆಂದು ಹಿಡಿಯಬೇಕು. ಇವತ್ತು ಅಂಥ ಕೇಸಿನಲ್ಲಿ ನೀವು ನಿಂತರೆ, ನಿಮ್ಮ ಕೈಲಿರೋದು ಆ ಮೇಷ್ಟ್ರುಗಳ ಹಟದ ಫಲ.

ಇನ್ನೊಂದು. ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸು, 1973. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಎಂದು 13 ನ್ಯಾಯಮೂರ್ತಿಗಳಲ್ಲಿ 7 ಜನ ಹೇಳಿದರು. ಆದರೆ 1965ರಲ್ಲೇ ಡೀಟ್ರಿಚ್ ಕೊನ್ರಾಡ್ ಎಂಬ ಜರ್ಮನ್ ಮೇಷ್ಟ್ರು ಬನಾರಸಿನಲ್ಲಿ ಕೇಳಿದ್ದರು: ತಿದ್ದುಪಡಿ ಮಾಡಿ 21ನೇ ವಿಧಿಯನ್ನೇ, ಅಂದರೆ ಜೀವದ ಹಕ್ಕನ್ನೇ ಕಿತ್ತುಹಾಕಬಹುದಾ? ಆ ವಿಚಾರವನ್ನು ಕೋರ್ಟಿಗೆ ಹೊತ್ತು ತಂದವರು ಮಂಗಳೂರಿನಲ್ಲಿ ವಕೀಲಿಕೆ ಮಾಡಿದ್ದ ಎಂ.ಕೆ. ನಂಬಿಯಾರ್. ನೋಡಿ, ನಿಮ್ಮವರಿಗೂ ಪಾಲು ಕೊಟ್ಟೆ.

ನನಗೆ ಮೇಷ್ಟ್ರುಗಳ ಮೇಲೂ ಸಿಟ್ಟಿದೆ. ಅದು ಬೇರೆ ಕಾರಣಕ್ಕೆ. ಹೋದ ವರ್ಷ ಕೋರ್ಟಿನ ಕ್ಯಾಂಟೀನಲ್ಲಿ ಅಜ್ಜರೊಬ್ಬರು ತಮ್ಮ ಆಸ್ತಿ ಪಾಲಿನ ಕೇಸಿನ ಹೈಕೋರ್ಟ್ ಆದೇಶ ನನ್ನ ಮುಂದೆ ಹಿಡಿದರು. “ಗೆದ್ದಿದ್ದೀನಾ, ಸೋತಿದ್ದೀನಾ, ಅಷ್ಟು ಹೇಳು ಮಗ” ಅಂದರು. ಹನ್ನೊಂದು ಪುಟ ಇಂಗ್ಲಿಷು. “ಎರಡೂ ಇಲ್ಲ ಅಜ್ಜ, ಕೇಸು ಮತ್ತೆ ಕೆಳಗಿನ ಕೋರ್ಟಿಗೆ ಹೋಗಿದೆ” ಅಂದೆ. ಕಾಫಿ ಲೋಟ ಹಾಗೇ ಕೆಳಗಿಟ್ಟರು.

ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಕ್ಕೆ ಹಿಂದಿ ಬಳಸಲು ಅನುಮತಿ ಸಿಕ್ಕಿದೆ. ಕನ್ನಡಕ್ಕೆ ಸಿಕ್ಕಿಲ್ಲ. ಕೋರ್ಟಿನ ಕಥೆ ಹಾಗಿರಲಿ, ನಮ್ಮ ಮೇಷ್ಟ್ರುಗಳಿಗೆ ಯಾವ ವಿಧಿ ಅಡ್ಡ ಬಂತು? ಕನ್ನಡದಲ್ಲಿ ಬರೆದುಕೊಡಿ ಅಂತ ಎಷ್ಟು ಜನಕ್ಕೆ ಫೋನ್ ಮಾಡಿದ್ದೀನೋ! “ಟರ್ಮಿನಾಲಜಿ ಕಷ್ಟ ಸಾರ್” ಅಂತಾರೆ. ಒಬ್ಬರು ಒಪ್ಪಿದರು. ಆರು ಪುಟ ಅವರಿಗೇ ಹೋಯಿತು.

ನಿಮ್ಮ ಪತ್ರದ ಕನ್ನಡ ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಪಾಟೀಸವಾಲಿನ ಬಗ್ಗೆಯೇ ಬರೆದು ಕಳಿಸಿ. ಪುಟ ಖಾಲಿ ಇಟ್ಟಿರುತ್ತೇನೆ. ಇದಕ್ಕೆ ಮಾತ್ರ ವಾಯಿದೆ ಕೇಳಬೇಡಿ.