ಚರ್ಮದ ಚೀಲದ ಮೇಲಿನ ಅಕ್ರಿಲಿಕ್ ಚಿತ್ರವನ್ನು ಉಳಿಸಿಕೊಳ್ಳುವ ಬಗೆ

ಕಂದು ಬಣ್ಣದ ಚರ್ಮದ ಹೆಗಲಚೀಲದ ಮುಚ್ಚಳದ ಮೇಲೆ ಮಾಮೂಲಿ ಅಕ್ರಿಲಿಕ್ ಬಣ್ಣದಿಂದ ಹೂಬಳ್ಳಿಯ ಚಿತ್ರ ಬಿಡಿಸಿದ್ದೀರಿ. ಅದು ಮಳೆಗೆ ಹೋಗದಂತೆ ಮೇಲೆ ಕರಕುಶಲದವರು ಬಳಸುವ ಮೋಡ್ ಪಾಡ್ಜ್ ಎಂಬ ಅಂಟು-ಲೇಪ ಬಳಿಯಬಹುದೇ, ಇಲ್ಲವೇ ಮರಕ್ಕೆ ಹಾಕುವ ವಾರ್ನಿಷ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಬಳಸಬೇಡಿ. ಚರ್ಮಕ್ಕೆಂದೇ ತಯಾರಾದ ನೀರಿನ ಅಕ್ರಿಲಿಕ್ ಫಿನಿಶರ್, ಅಂದರೆ ಚಿತ್ರದ ಮೇಲೆ ಕೊನೆಗೆ ಬಳಿಯುವ ಪಾರದರ್ಶಕ ಲೇಪ, ದೊರೆಯುತ್ತದೆ, ಬಳಸಬೇಕಾದದ್ದು ಅದನ್ನು. ಆದರೆ ಅದನ್ನು ತರಿಸುವ ಮೊದಲು ನೋಡಿಕೊಳ್ಳಬೇಕಾದ ಸಂಗತಿಯೊಂದಿದೆ: ಕೆಳಗಿನ ಬಣ್ಣ ಚರ್ಮವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆಯೋ ಅಷ್ಟರಮಟ್ಟಿಗೆ ಮಾತ್ರ ಮೇಲಿನ ಲೇಪ ಅದನ್ನು ಕಾಪಾಡಬಲ್ಲದು.

ಮಳೆಯ ಬಗ್ಗೆ ನೀವು ಅಷ್ಟೊಂದು ಚಿಂತಿಸಬೇಕಾಗಿಲ್ಲ. ಅಕ್ರಿಲಿಕ್ ಬಣ್ಣದಲ್ಲಿರುವ ನೀರು ಆರಿದಂತೆ ಅದರೊಳಗಿನ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ, ಮತ್ತು ಹೀಗೆ ಬೆಸೆದ ಪೊರೆ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಚರ್ಮದ ಮೇಲಿನ ಚಿತ್ರವನ್ನು ಹಾಳುಮಾಡುವ ಕಾರಣಗಳು ಬೇರೆ. ಮುಚ್ಚಳವನ್ನು ತೆರೆದು ಮುಚ್ಚುವಾಗ ಒಂದೇ ಜಾಗದಲ್ಲಿ ಬೀಳುವ ಮಡಿಕೆಯಿಂದ ಪೊರೆ ಬಿರುಕು ಬಿಡುತ್ತದೆ. ಸೊಂಟಕ್ಕೋ ಬಸ್ಸಿನ ಸೀಟಿಗೋ ದಿನವೂ ಉಜ್ಜುವ ಅಂಚುಗಳಲ್ಲಿ ಅದು ತೆಳ್ಳಗಾಗುತ್ತಾ ಹೋಗುತ್ತದೆ. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್‌ನ ಆಲ್ಕೋಹಾಲ್ ತಗುಲಿದರೆ ಅದು ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಆದ್ದರಿಂದ ಮೇಲೆ ಹಾಕುವ ಲೇಪ ಚರ್ಮದೊಂದಿಗೆ ಬಾಗುವಂತಿರಬೇಕು, ಮತ್ತು ಉಜ್ಜಾಟದ ಪೆಟ್ಟನ್ನು ಚಿತ್ರಕ್ಕಿಂತ ಮೊದಲು ತಾನು ತಿನ್ನಬೇಕು.

ಈ ದೃಷ್ಟಿಯಿಂದ ನೋಡಿದರೆ ಮರದ ವಾರ್ನಿಷ್ ಏಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಬಾಗದ ಹಲಗೆಗಾಗಿ ತಯಾರಾದ ಆ ಗಡುಸಾದ ಪೊರೆ ಮೊದಲ ಮಡಿಕೆಗಳಲ್ಲೇ ಒಡೆಯುತ್ತದೆ, ಒಡೆಯುವಾಗ ತನ್ನೊಂದಿಗೆ ಕೆಳಗಿನ ಬಣ್ಣವನ್ನೂ ಕಿತ್ತುಕೊಂಡು ಏಳುತ್ತದೆ. ಎಣ್ಣೆಯಾಧಾರಿತ ವಾರ್ನಿಷ್ ಆಗಿದ್ದರೆ ಕಾಲಕ್ರಮೇಣ ಹಳದಿಯಾಗಿ ಬಿಳಿ, ನೀಲಿ ಬಣ್ಣಗಳನ್ನೂ ಕೆಡಿಸುತ್ತದೆ. ಕಾರಿಗೆ ಹೊಡೆಯುವ ಪಾರದರ್ಶಕ ಸ್ಪ್ರೇಗೂ ಉಗುರುಬಣ್ಣಕ್ಕೂ ಇದೇ ಮಾತು ಸಲ್ಲುತ್ತದೆ. ಮೋಡ್ ಪಾಡ್ಜ್ ಕಾಗದ, ಮರದ ಕರಕುಶಲಕ್ಕೆ ಒಳ್ಳೆಯ ವಸ್ತುವೇ ಸರಿ, ಆದರೆ ಅದು ಮೂಲತಃ ಅಂಟು. ತೇವದ ಹವೆಯಲ್ಲಿ ಅದು ಜಿಗುಟಾಗುತ್ತದೆ, ಮಡಿಸಿದಲ್ಲಿ ಗೆರೆ ಬೀಳುತ್ತದೆ. ಬಿಳಿ ಅಂಟನ್ನು ನೀರಿನಲ್ಲಿ ಕಲಸಿ ಬಳಿಯುವ ಸಲಹೆಯನ್ನು ಯಾರಾದರೂ ಕೊಟ್ಟರೂ ಒಪ್ಪಬೇಡಿ. ಆರಿದ ಬಿಳಿ ಅಂಟು ಒದ್ದೆಯಾದರೆ ಮತ್ತೆ ಹಾಲಿನಂತೆ ಬೆಳ್ಳಗಾಗಿ ಮೆದುವಾಗುತ್ತದೆ.

ಈಗ ನಿಮ್ಮ ಚೀಲದ ಸ್ಥಿತಿಯನ್ನು ಪರೀಕ್ಷಿಸಿ. ಚಿತ್ರದ ಮೂಲೆಯ ಒಂದು ಎಲೆಯ ಮೇಲೆ ಸೆಲ್ಲೋಟೇಪಿನ ತುಂಡನ್ನು ಒತ್ತಿ ಅಂಟಿಸಿ, ನಿಧಾನವಾಗಿ ಕೀಳಿರಿ. ಟೇಪು ಸ್ವಚ್ಛವಾಗಿ ಬಂದರೆ, ಮತ್ತು ಆ ಜಾಗವನ್ನು ಬಾಗಿಸಿದಾಗ ಗೆರೆ ಬೀಳದಿದ್ದರೆ, ಫಿನಿಶರ್ ಹಾಕಲು ಅಡ್ಡಿಯಿಲ್ಲ. ಬಣ್ಣ ಸಿಪ್ಪೆಯಾಗಿ ಟೇಪಿನೊಂದಿಗೆ ಎದ್ದು ಬಂದರೆ ಮಾತ್ರ, ಮನಸ್ಸಿಗೆ ಬೇಸರವಾದರೂ, ಅದರ ಮೇಲೆ ಯಾವುದನ್ನೂ ಬಳಿಯದೆ ಚಿತ್ರವನ್ನು ತೆಗೆದು ಮತ್ತೆ ಬರೆಯುವುದೇ ಸರಿಯಾದ ದಾರಿ.

ಎದ್ದು ಬರಲು ಕಾರಣ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಹಾಕಿರುವ ಹೊಳಪಿನ ಪದರ. ಪೇಟೆಯಲ್ಲಿ ಸಿಗುವ ಹೆಚ್ಚಿನ ಚೀಲಗಳು ಕ್ರೋಮಿಯಂ ಲವಣದಿಂದ ಹದಮಾಡಿದ ಚರ್ಮದವು, ಅವುಗಳ ಮೇಲೆ ಕಲೆ ಹಿಡಿಯದಿರಲೆಂದು ತೆಳುವಾದ ರಾಳದ ಲೇಪವಿರುತ್ತದೆ. ಅದು ಕಲೆಯನ್ನು ದೂರವಿಡುವಂತೆಯೇ ನಿಮ್ಮ ಬಣ್ಣವನ್ನೂ ದೂರವಿಡುತ್ತದೆ. ಚೀಲದ ಹೊರಮೈಯಲ್ಲೇ ಕಣ್ಣಿಗೆ ಬೀಳದ ಒಂದು ಕಡೆ ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಮಣಿಯಂತೆ ನಿಂತರೆ ಲೇಪವಿದೆ, ಚರ್ಮ ಅದನ್ನು ಹೀರಿ ಕಪ್ಪಾದರೆ ಇಲ್ಲ. ಅಥಣಿ, ನಿಪ್ಪಾಣಿಯ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದಮಾಡಿದ ಚರ್ಮ ಈ ಎರಡನೆಯ ಬಗೆಯದು. ಬಣ್ಣವನ್ನು ಅದು ಒಳಗೆಳೆದುಕೊಂಡು ಹಿಡಿಯುತ್ತದೆ, ಹಾಗಾಗಿ ಚಿತ್ರ ಬಿಡಿಸಲು ಅದರಷ್ಟು ಹಿತವಾದ ಚರ್ಮ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೇಪವಿರುವ ಚರ್ಮವಾದರೆ ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ, ಹಿಂಡಿ, ಚಿತ್ರ ಬರುವ ಜಾಗವನ್ನು ಹಗುರವಾಗಿ ಒರೆಸಬೇಕು. ಹೊಳಪು ಇಳಿದು ಮೇಲ್ಮೈ ಮಂಕಾಗುವುದೇ ಸಾಕೆಂಬುದರ ಗುರುತು. ಚರ್ಮದ ಮೂಲ ಬಣ್ಣವೂ ಸ್ವಲ್ಪ ಬಿಡುವುದರಿಂದ ಚಿತ್ರದ ಹೊರಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಉರಿಯುತ್ತಿರಬಾರದು. ಚೀಲ ನಿಜವಾದ ಚರ್ಮದ್ದಲ್ಲದೆ ರೆಕ್ಸಿನ್ ಆಗಿದ್ದರೆ ಅಸಿಟೋನ್ ಅದನ್ನೇ ಕರಗಿಸಿಬಿಡುತ್ತದೆ, ಆದ್ದರಿಂದ ಮೊದಲು ಕಾಣದ ಮೂಲೆಯಲ್ಲಿ ನೋಡಿಕೊಂಡೇ ಮುಂದುವರಿಯಿರಿ. ಮತ್ತೆ ಬರೆಯುವಾಗ ಚರ್ಮಕ್ಕೆಂದೇ ಬರುವ ಅಕ್ರಿಲಿಕ್ ಬಣ್ಣ ಸಿಕ್ಕಿದರೆ ಒಳ್ಳೆಯದು, ಅದರ ಪೊರೆ ಹೆಚ್ಚು ಮೆದು. ಕ್ಯಾನ್ವಾಸಿನ ಬಣ್ಣವನ್ನೇ ಬಳಸುವುದಾದರೆ ಬಟ್ಟೆಯ ಚಿತ್ರಕಲೆಗೆ ಮಾರುವ ಫ್ಯಾಬ್ರಿಕ್ ಮೀಡಿಯಂ ಬೆರೆಸಿಕೊಂಡು, ಒಂದು ದಪ್ಪ ಪದರದ ಬದಲು ಹಲವು ತೆಳು ಪದರಗಳಲ್ಲಿ, ಪ್ರತಿಯೊಂದೂ ಆರಿದ ಮೇಲೆ ಮುಂದಿನದನ್ನು ಹಾಕುತ್ತಾ ಹೋಗಿ. ದಪ್ಪ ಪದರ ಮೇಲೆ ಆರಿ ಒಳಗೆ ಹಸಿಯಾಗಿರುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಚಿತ್ರ ಮುಗಿದ ಮೇಲೆ ಕನಿಷ್ಠ 24 ಗಂಟೆ ಬಿಡಿ. ಆಷಾಢದ ಜಡಿಮಳೆಯ ದಿನಗಳಾದರೆ ಇನ್ನೂ ಒಂದೆರಡು ದಿನ ಹೆಚ್ಚಾಗಲಿ. ಫಿನಿಶರುಗಳಲ್ಲಿ ಏಂಜಲಸ್ ಕಂಪನಿಯದು ಮತ್ತು ಫೀಬಿಂಗ್ಸ್ ಕಂಪನಿಯ ರೆಸೊಲೀನ್ ಹೆಚ್ಚು ಬಳಕೆಯಲ್ಲಿವೆ. ಏಂಜಲಸ್‌ನಲ್ಲಿ ಹೊಳಪು, ಸ್ಯಾಟಿನ್ (ಮಂದ ಹೊಳಪು), ಮ್ಯಾಟ್ (ಹೊಳಪಿಲ್ಲದ್ದು) ಎಂಬ ಬಗೆಗಳಿವೆ. ರೆಸೊಲೀನ್ ಹೊಳಪಿನದು, ಬಾಟಲಿಯಿಂದ ಹಾಗೆಯೇ ಬಳಿದರೆ ಗೆರೆ ಮೂಡಿ ಪ್ಲಾಸ್ಟಿಕ್ಕಿನಂತೆ ಕಾಣುವುದರಿಂದ ಅನೇಕರು ಸಮಪಾಲು ನೀರು ಬೆರೆಸಿ ಬಳಸುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ನಿಮ್ಮ ಹೂಬಳ್ಳಿಗೆ ಸ್ಯಾಟಿನ್ ಸೂಕ್ತ ಎನಿಸುತ್ತದೆ. ಮ್ಯಾಟ್ ಬಗೆಯಲ್ಲಿ ಹೊಳಪು ಕುಂದಿಸುವ ಪುಡಿ ತಳದಲ್ಲಿ ಕೂರುತ್ತದೆ. ಅದನ್ನು ಕುಲುಕಿದರೆ ಗುಳ್ಳೆಗಳೇಳುವುದರಿಂದ ಕಡ್ಡಿಯಲ್ಲಿ ನಿಧಾನವಾಗಿ ಕಲಕಬೇಕು, ದಪ್ಪವಾಗಿ ಬಳಿದರೆ ಕಪ್ಪು, ಕಡುಹಸಿರಿನ ಮೇಲೆ ಮಂಜು ಕವಿದಂತೆ ಬೆಳ್ಳಗೆ ಕಾಣುತ್ತದೆ.

ಬಳಿಯುವುದಕ್ಕೆ ಮೆತ್ತನೆಯ ಸಿಂಥೆಟಿಕ್ ಬ್ರಷ್ ಅಥವಾ ನುಣುಪಾದ ಸ್ಪಂಜು ಸಾಕು. ಸ್ವಲ್ಪವೇ ಅದ್ದಿ, ಒಂದೇ ದಿಕ್ಕಿನಲ್ಲಿ ಎಳೆದು, ಆರತೊಡಗಿದ ಜಾಗಕ್ಕೆ ಮತ್ತೆ ಕೈಹಾಕದೆ ಮುಂದಕ್ಕೆ ಸಾಗಿ. ಅರ್ಧ ಆರಿದ ಫಿನಿಶರನ್ನು ಮತ್ತೆ ತಿಕ್ಕಿದರೆ ಅದು ಬೆರಳಿಗೆ ಹತ್ತಿದ ಅಂಟಿನಂತೆ ಉಂಡೆ ಉಂಡೆಯಾಗಿ ಏಳುತ್ತದೆ. ಅರ್ಧ ಗಂಟೆಯ ಅಂತರದಲ್ಲಿ ಎರಡು ಅಥವಾ ಮೂರು ತೆಳು ಪದರಗಳು ಸಾಕು, ಮಡಿಕೆ ಬೀಳುವ ಗೆರೆಯ ಮೇಲೆ ಎರಡೇ ಇರಲಿ. ಚಿತ್ರದ ಅಂಚಿನಲ್ಲಿ ಲೇಪವನ್ನು ನಿಲ್ಲಿಸದೆ ಸುತ್ತಲಿನ ಚರ್ಮದ ಮೇಲೂ ತುಸು ಹರಡಿ, ಏಕೆಂದರೆ ಸಿಪ್ಪೆ ಏಳುವುದು ಯಾವಾಗಲೂ ಅಂಚಿನಿಂದ. ಲೇಪ ಮುಗಿದ ಮೇಲೆ ಒಂದು ವಾರವಾದರೂ ಚೀಲವನ್ನು ಬಳಸದೆ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ.

ಚರ್ಮಕ್ಕೆ ಹಚ್ಚುವ ಎಣ್ಣೆ, ಜೇನುಮೇಣ, ಕಂಡಿಷನರ್ ಯಾವುದನ್ನೂ ಬಣ್ಣ ಹಾಕುವ ಮೊದಲು ಹಚ್ಚಬಾರದು, ಜಿಡ್ಡಿನ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಆಮೇಲೆ ಬೇಕಾದರೆ ಚಿತ್ರವಿಲ್ಲದ ಭಾಗಕ್ಕೆ ಮಾತ್ರ ಹಚ್ಚಿ. ಕೊಳೆಯಾದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಚೀಲವನ್ನು ಎತ್ತಿಡುವಾಗ ಬಹಳ ಜನ ಗಮನಿಸದ ಅಪಾಯವೊಂದಿದೆ. ಅಕ್ರಿಲಿಕ್ ಬಿಸಿಗೆ ಮೆದುವಾಗುವ ವಸ್ತುವಾದ್ದರಿಂದ, ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೋ ಪ್ಲಾಸ್ಟಿಕ್ ಕವರಿನೊಳಗೋ ಒತ್ತಿಕೊಂಡು ಕೂತ ಚಿತ್ರ ಎದುರಿನ ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಬಣ್ಣ ಅತ್ತ ಹೋಗುತ್ತದೆ. ಹೊಳಪಿನ ಫಿನಿಶರ್‌ನಲ್ಲಿ ಈ ತೊಂದರೆ ಹೆಚ್ಚು. ಚಿತ್ರದ ಮೇಲೆ ಬೆಣ್ಣೆ ಕಾಗದವಿಟ್ಟು, ಹತ್ತಿಬಟ್ಟೆಯ ಚೀಲದಲ್ಲಿ ಹಾಕಿಡಿ. ಮಳೆಗಾಲದಲ್ಲಿ ಚರ್ಮಕ್ಕೆ ಬರುವ ಬೂಷ್ಟೂ ಇದರಿಂದ ಕಡಿಮೆಯಾಗುತ್ತದೆ.

ಒಂದೆರಡು ವರ್ಷದ ಬಳಕೆಯಲ್ಲಿ ಮಡಿಕೆಯ ಬಳಿ ಬಣ್ಣ ಸ್ವಲ್ಪ ಸವೆದರೆ ಇಡೀ ಚಿತ್ರವನ್ನು ತೆಗೆಯಬೇಕಾಗಿಲ್ಲ. ಸಡಿಲವಾದ ಚೂರುಗಳನ್ನು ಉಗುರಿನಿಂದ ತೆಗೆದು, ಆ ಜಾಗವನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ಒದ್ದೆಮಾಡಿದ ಹತ್ತಿಕಡ್ಡಿಯಿಂದ ಒರೆಸಿ, ತೆಳುವಾಗಿ ಬಣ್ಣ ತುಂಬಿ, ಒಂದು ದಿನ ಬಿಟ್ಟು ಅದೇ ಬಗೆಯ ಫಿನಿಶರನ್ನು ಎರಡು ಸಲ ಬಳಿಯಿರಿ. ಹೀಗೆ ತಿದ್ದಲು ಅನುಕೂಲವಾಗುವಂತೆ ಈಗ ಬೆರೆಸಿಕೊಂಡ ಬಣ್ಣಗಳನ್ನು ಚಿಕ್ಕ ಗಾಳಿಬಿಗಿ ಡಬ್ಬಿಗಳಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ, ಏಕೆಂದರೆ ಒಮ್ಮೆ ಬೆರೆಸಿದ ಹಸಿರು ಮತ್ತೊಮ್ಮೆ ಅದೇ ಹಸಿರಾಗಿ ಸಿಗುವುದು ಕಷ್ಟ.