ಮೊದಲು ಬಂದವರು ಮತ್ತು ಬಂದು ನಿಂತವರು

ಮಾನ್ಯರೇ,

ಟೊರಾಂಟೊದಿಂದ ನೀವು ಬರೆದ ಪತ್ರ ತಲುಪಿದೆ. ಸ್ವೀಡನ್ನಿನ ಐಸ್ ಹಾಕಿ ಆಟಗಾರ ಬೊರ್ಯೆ ಸಾಲ್ಮಿಂಗ್ ಅವರನ್ನು ಕುರಿತು ಅಭಿಮಾನಿಯೊಬ್ಬರು ಬರೆದು, ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿಗೆ ಅವರಿಗಿಂತ ಮೊದಲೇ ಸ್ವೀಡನ್ನರು ಬಂದಿದ್ದರು ಎಂಬುದು ಒಂದು; ಆ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ಪನ್ನು ಒಮ್ಮೆಯೂ ಗೆಲ್ಲದವರನ್ನು ಹಾದಿ ತೆರೆದವರೆಂದು ಹೊಗಳುವುದು ಅಭಿಮಾನದ ಅತಿರೇಕ ಎಂಬುದು ಇನ್ನೊಂದು. ಎರಡು ಸಂಗತಿಗಳೂ ನಿಜ. ಅವುಗಳಿಂದ ನೀವು ತಲುಪಿದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಸಾಲ್ಮಿಂಗ್ ಅವರಿಗಿಂತ ಮೊದಲು ಬಂದ ಸ್ವೀಡನ್ನಿನ ಉಲ್ಫ್ ಸ್ಟರ್ನರ್ 1965ರ ಜನವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ಪರವಾಗಿ ಕಣಕ್ಕಿಳಿದರು, ನಾಲ್ಕೇ ಪಂದ್ಯಗಳನ್ನಾಡಿ ಹಿಂದಿರುಗಿದರು. ಅವರಿಗೆ ಕೌಶಲದ ಕೊರತೆಯಿರಲಿಲ್ಲ. ಎದುರಾಳಿಯ ವಲಯದಲ್ಲಿ ಮೈಗೆ ಮೈ ತಾಗಿಸಿ ಕೆಡವುವುದಕ್ಕೆ ಅಂದಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಅವಕಾಶವೇ ಇರಲಿಲ್ಲವಾದ್ದರಿಂದ, ಯುರೋಪಿನಲ್ಲಿ ಆಟ ಕಲಿತವರಿಗೆ ಉತ್ತರ ಅಮೆರಿಕದ ಹೊಡೆದಾಟದ ಹಾಕಿ ಬೇರೆಯದೇ ಆಟವಾಗಿತ್ತು. ಯುರೋಪಿಯನ್ನರು ಸೊಗಸಾಗಿ ಸ್ಕೇಟ್ ಮಾಡಬಲ್ಲರು, ಆದರೆ ಏಟು ಬಿದ್ದರೆ ಹಿಂದೆ ಸರಿಯುತ್ತಾರೆ ಎಂಬ ಮಾತು ಕೆನಡಾದಲ್ಲಿ ಬೇರೂರಿತ್ತು.

ಈ ಮಾತನ್ನು ಸುಳ್ಳು ಮಾಡಿದವರು ಸಾಲ್ಮಿಂಗ್. ಆರ್ಕ್ಟಿಕ್ ವೃತ್ತಕ್ಕಿಂತ ಉತ್ತರದಲ್ಲಿರುವ ಕಿರುನಾ ಎಂಬ ಕಬ್ಬಿಣದ ಗಣಿಯ ಊರಿನಲ್ಲಿ 1951ರಲ್ಲಿ ಹುಟ್ಟಿದ ಅವರು, ಸಾಮಿ ಜನಾಂಗದ ತಂದೆಯನ್ನು ಐದನೆಯ ವಯಸ್ಸಿನಲ್ಲೇ ಗಣಿಯ ಅಪಘಾತದಲ್ಲಿ ಕಳೆದುಕೊಂಡರು. ಅವರನ್ನು ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಆರಿಸಿದ ಬಗೆಯೇ ಸ್ವಾರಸ್ಯಕರವಾಗಿದೆ. ಗೋಲ್‌ಕೀಪರ್ ಒಬ್ಬನನ್ನು ನೋಡಲೆಂದು ಸ್ವೀಡನ್ನಿಗೆ ಹೋಗಿದ್ದ ಆ ತಂಡದ ಪ್ರತಿಭಾನ್ವೇಷಕ ಜೆರಿ ಮೆಕ್‌ನಮಾರಾ, ಕೆನಡಾದಿಂದ ಬಂದಿದ್ದ ಒರಟು ತಂಡವೊಂದರ ವಿರುದ್ಧ ಸಾಲ್ಮಿಂಗ್ ಆಡುವುದನ್ನು ಕಂಡರು. ಸಾಲ್ಮಿಂಗ್ ರೆಫರಿಯ ಮೇಲೇ ಕೈಮಾಡಿ ಪಂದ್ಯದಿಂದ ಹೊರಬಿದ್ದಾಗ, ಬೇರೆ ಯಾರೇ ಆಗಿದ್ದರೂ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತಿದ್ದರೇನೋ. ಮೆಕ್‌ನಮಾರಾ ಮಾತ್ರ ಡ್ರೆಸ್ಸಿಂಗ್ ರೂಮಿಗೆ ಹೋಗಿ, ಟೊರಾಂಟೊಗೆ ಬಂದು ಆಡುತ್ತೀರಾ ಎಂದು ಕೇಳಿದರು.

1973ರಲ್ಲಿ ಇಂಗೆ ಹಮ್ಮರ್‌ಸ್ಟ್ರೋಮ್ ಜೊತೆಗೆ ಬಂದ ಅವರಿಗೆ ಫಿಲಡೆಲ್ಫಿಯಾದಂಥ ಊರುಗಳಲ್ಲಿ 'ಪುಕ್ಕಲು ಸ್ವೀಡ್' ಎಂಬ ಬೈಗುಳವೇ ಸ್ವಾಗತವಾಯಿತು. ಕೋಲಿನ ಏಟುಗಳು, ಮುಷ್ಟಿಯ ಗುದ್ದುಗಳು ಅದರ ಬೆನ್ನಿಗೇ ಬಂದವು. ಅವರು ತಿರುಗಿ ನಿಂತರು. ಡಿಫೆನ್ಸ್ ಆಟಗಾರರಾಗಿ, ಎದುರಾಳಿ ಬೀಸಿ ಹೊಡೆದ ಪಕ್, ಅಂದರೆ ಆ ಗಟ್ಟಿ ರಬ್ಬರಿನ ಬಿಲ್ಲೆ, ಗೋಲಿನತ್ತ ಬರುವಾಗ ಅದರ ದಾರಿಗೆ ಅಡ್ಡವಾಗಿ ಮಂಜುಗಡ್ಡೆಯ ಮೇಲೆ ಮೈಚೆಲ್ಲಿ ಬೀಳುತ್ತಿದ್ದರು. 1986ರಲ್ಲಿ ಡೆಟ್ರಾಯಿಟ್ ವಿರುದ್ಧ ಗೋಲಿನ ಮುಂದೆ ಬಿದ್ದಿದ್ದಾಗ ಎದುರಾಳಿಯ ಸ್ಕೇಟಿನ ಅಲಗು ಆಕಸ್ಮಿಕವಾಗಿ ಮುಖದ ಮೇಲೆ ಹಾದುಹೋಗಿ, ಇನ್ನೂರಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು.

ನೀವು ಟೊರಾಂಟೊದವರಾದ್ದರಿಂದ 1976ರ ಕೆನಡಾ ಕಪ್ಪಿನ ಪ್ರಸಂಗವನ್ನು ಹಳಬರ ಬಾಯಲ್ಲಿ ಕೇಳಿಯೇ ಇರುತ್ತೀರಿ. ದೇಶ ದೇಶಗಳ ತಂಡಗಳು ಸೆಣಸಿದ ಆ ಪಂದ್ಯಾವಳಿಯಲ್ಲಿ, ಲೀಫ್ಸ್ ತಂಡದ ತವರು ಅಂಗಳವಾದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಆಡಲು ಬಂದ ಸ್ವೀಡನ್ ತಂಡದ ಪರಿಚಯದಲ್ಲಿ ಸಾಲ್ಮಿಂಗ್ ಹೆಸರು ಕೇಳಿದೊಡನೆ, ಕೆನಡಾದ ಪ್ರೇಕ್ಷಕರೇ ಎದ್ದು ನಿಂತು ಬಹುಹೊತ್ತು ಚಪ್ಪಾಳೆ ತಟ್ಟಿದರು. ಮೂರು ವರ್ಷದ ಹಿಂದೆ ಅನುಮಾನಿಸಿದ್ದ ದೇಶ, ಎದುರಾಳಿಯ ಅಂಗಿ ತೊಟ್ಟಿದ್ದಾಗಲೂ ಅವರನ್ನು ತನ್ನವರೆಂದುಕೊಂಡಿತು. ಲೀಗಿನಲ್ಲಿ 1,148 ಪಂದ್ಯ, 150 ಗೋಲು, 637 ಅಸಿಸ್ಟ್ (ಸಹ ಆಟಗಾರರ ಗೋಲಿಗೆ ಒದಗಿಸಿದ ನೆರವು) ಎಂಬ ಅಂಕಿಗಳಿಗಿಂತ ನನಗೆ ಇದೇ ಬಲವಾದ ಸಾಕ್ಷಿಯಾಗಿ ಕಾಣುತ್ತದೆ. 1996ರಲ್ಲಿ ಹಾಲ್ ಆಫ್ ಫೇಮ್ ಗೌರವವೂ ಬಂತು. 2022ರ ನವೆಂಬರ್‌ನಲ್ಲಿ, ನರಗಳ ಕಾಯಿಲೆಯಿಂದ ಮಾತು ಕಳೆದುಕೊಂಡಿದ್ದ ಸಾಲ್ಮಿಂಗ್ ಅವರನ್ನು ಟೊರಾಂಟೊದಲ್ಲಿ ಸನ್ಮಾನಿಸಿದಾಗ, ಲೀಫ್ಸ್ ತಂಡ ಪಂದ್ಯದ ಆರಂಭಕ್ಕೆ ಇಳಿಸಿದ ಆರಕ್ಕೆ ಆರೂ ಜನ ಸ್ವೀಡನ್ನರಾಗಿದ್ದರು. ಅದೇ ತಿಂಗಳ 24ರಂದು ಅವರು ತೀರಿಕೊಂಡರು.

ಇನ್ನು ಸ್ಟ್ಯಾನ್ಲಿ ಕಪ್ಪಿನ ಮಾತು. ಮೇಪಲ್ ಲೀಫ್ಸ್ ಅದನ್ನು ಕೊನೆಯ ಬಾರಿ ಗೆದ್ದದ್ದು 1967ರಲ್ಲಿ. ಸಾಲ್ಮಿಂಗ್ ಇದ್ದ ಹದಿನಾರು ಋತುಗಳ ಬಹುಪಾಲು ಆ ತಂಡ ಹೆರಾಲ್ಡ್ ಬಲ್ಲಾರ್ಡ್ ಎಂಬ ಮಾಲೀಕರ ಮರ್ಜಿಗೆ ಸಿಕ್ಕಿ ನಲುಗಿತ್ತು. ಸಾಲ್ಮಿಂಗ್ ಅವರ ನಾಯಕರಾಗಿದ್ದ ಡ್ಯಾರಿಲ್ ಸಿಟ್ಲರ್ ಅವರಿಗೂ ಕಪ್ ದಕ್ಕಲಿಲ್ಲ. ಆರು ಜನ ಆಡುವ ಆಟದ ಸೋಲನ್ನು ಒಬ್ಬ ಡಿಫೆನ್ಸ್ ಆಟಗಾರನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಯುರೋಪಿನಲ್ಲೇ ಆಟ ಕಲಿತ ನಾಯಕನ ಕೈಗೆ ಆ ಕಪ್ ಮೊದಲ ಬಾರಿ ಬಂದದ್ದು 2008ರಲ್ಲಿ, ಡೆಟ್ರಾಯಿಟ್ ತಂಡದ ನಿಕ್ಲಾಸ್ ಲಿಡ್‌ಸ್ಟ್ರೋಮ್ ಅವರ ಮೂಲಕ. ಅವರೂ ಸ್ವೀಡನ್ನಿನ ಡಿಫೆನ್ಸ್ ಆಟಗಾರರೇ.

— ಸಂಪಾದಕ