‘ಸರ್‌ಗೆ ನನ್ನ ಹೆಸರೇ ಗೊತ್ತಿಲ್ಲ ಮೇಡಂ’: ಒಂದು ಆಪ್ತಸಲಹೆ ಪ್ರಕರಣ

ಈ ಹುಡುಗನನ್ನು ಕಿರಣ ಎಂದು ಕರೆಯೋಣ. ಅವನ ನಿಜವಾದ ಹೆಸರು ಅದಲ್ಲ. ಊರು, ಮನೆ, ಕಾಲೇಜಿನ ಗುರುತುಗಳನ್ನೂ ಬದಲಿಸಿದ್ದೇನೆ. ಅವನ ಮತ್ತು ಅವನ ತಂದೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕಿರಣ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಸೈನ್ಸ್, ಎರಡನೇ ವರ್ಷ. ಹಾಸ್ಟೆಲ್ ವಾಸ. ಅವನನ್ನು ನನ್ನ ಹತ್ತಿರ ಕಳಿಸಿದ್ದು ವಾರ್ಡನ್. ಹುಡುಗ ಬೇರೆಲ್ಲ ಕ್ಲಾಸಿಗೆ ಹೋಗುತ್ತಾನೆ, ಫಿಸಿಕ್ಸ್ ಪೀರಿಯಡ್ ಇದ್ದರೆ ಮಾತ್ರ ಹೊಟ್ಟೆನೋವು. ಲವ್ವು ಗಿವ್ವು ಇರಬಹುದು ಅಂತ ವಾರ್ಡನ್‌ಗೆ ಅನುಮಾನ.

ಲವ್ ಅಲ್ಲ, ಲೆಟರ್. ಅಮೆರಿಕದಲ್ಲಿರುವ ಸೋದರಮಾವ ಆಸೆ ಹುಟ್ಟಿಸಿದ್ದಾರೆ. ಅಲ್ಲಿನ ಕೆಲವು ಕಾಲೇಜುಗಳು ಬಡ ಮನೆಯ ಹೊರದೇಶದ ಮಕ್ಕಳಿಗೂ ಪೂರ್ತಿ ಖರ್ಚು ಕೊಡುತ್ತವೆ, ನೀನೂ ಅರ್ಜಿ ಹಾಕು ಅಂದಿದ್ದಾರೆ. ಅರ್ಜಿಯ ಜೊತೆ ಪಾಠ ಮಾಡಿದ ಅಧ್ಯಾಪಕರಿಂದ ರೆಕಮೆಂಡೇಶನ್ ಲೆಟರ್ (ಎಲ್‌ಓಆರ್, ಅಂದರೆ ಶಿಫಾರಸು ಪತ್ರ) ಹೋಗಬೇಕು. ಕಿರಣ ಒಂದು ರಾತ್ರಿ ಹತ್ತು ಗಂಟೆ ಮೇಲೆ ಎಲ್ಲ ಸೈನ್ಸ್ ಲೆಕ್ಚರರ್‌ಗಳಿಗೂ ಒಂದೇ ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಿದ. ‘ಸರ್/ಮೇಡಂ, ಪ್ಲೀಸ್ ಗಿವ್ ಎಲ್‌ಓಆರ್, ಅರ್ಜೆಂಟ್.’ ಕೆಳಗೊಂದು ಲಿಂಕ್. ಇಬ್ಬರು ನೋಡಿ ಸುಮ್ಮನಾದರು. ಕೆಮಿಸ್ಟ್ರಿಯವರು ‘ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ’ ಅಂದರು. ಫಿಸಿಕ್ಸ್‌ನವರು ಮಾರನೇ ದಿನ ತುಂಬಿದ ಕ್ಲಾಸಿನಲ್ಲಿ, “ರಾತ್ರಿ ಹೊತ್ತು ಎಲ್‌ಓಆರ್ ಆರ್ಡರ್ ಮಾಡಿದ ಮಹಾನುಭಾವ ಯಾರಪ್ಪ?” ಎಂದು ಕೇಳಿದರು. ಎಲ್ಲರೂ ನಕ್ಕರು. ಹೊಟ್ಟೆನೋವು ಶುರುವಾಗಿದ್ದು ಅಲ್ಲಿಂದ.

“ಸರ್‌ಗೆ ನನ್ನ ಹೆಸರೇ ಗೊತ್ತಿಲ್ಲ ಮೇಡಂ. ರೋಲ್ ನಂಬರ್ ಗೊತ್ತು ಅಷ್ಟೇ. ನನ್ನ ಬಗ್ಗೆ ಬರೆಯೋಕೆ ಏನಿದೆ?”

ಮಾರ್ಕ್ಸ್ ಚೆನ್ನಾಗಿರುವ ಮಕ್ಕಳೂ ಈ ಮಾತು ಹೇಳುತ್ತಾರೆ. ನಮ್ಮ ಪಿಯು ವ್ಯವಸ್ಥೆಯೇ ಹಾಗಿದೆ. ಎಂಟರಿಂದ ಹತ್ತನೇ ತರಗತಿವರೆಗೆ ಮೂರು ವರ್ಷ ನೋಡಿದ ಮೇಷ್ಟ್ರು ಹೈಸ್ಕೂಲಿನಲ್ಲೇ ಉಳಿಯುತ್ತಾರೆ. ಪಿಯುಸಿಯಲ್ಲಿ ಕಟ್ಟಡ ಬೇರೆ, ಊರು ಬೇರೆ, ದೊಡ್ಡ ಸೆಕ್ಷನ್, ಸಂಜೆಗೆ ಸಿಇಟಿ ಕೋಚಿಂಗ್. ಎರಡನೇ ವರ್ಷ ಶುರುವಾದ ಕೆಲವೇ ತಿಂಗಳಿಗೆ ಅಮೆರಿಕದ ಅರ್ಜಿ ಬಂದು ನಿಲ್ಲುತ್ತದೆ. ಅಲ್ಲಿನ ಪದ್ಧತಿ ಇದಕ್ಕೆ ತದ್ವಿರುದ್ಧ. ಸ್ಕೂಲಿನಲ್ಲೇ ಒಬ್ಬ ಕೌನ್ಸೆಲರ್ ಇರುತ್ತಾರೆ, ಲೆಟರ್ ಬರೆಯುವುದು ಅಧ್ಯಾಪಕರಿಗೆ ವರ್ಷವರ್ಷದ ಕೆಲಸ. ಇಲ್ಲಿ ಪ್ರಿನ್ಸಿಪಾಲರೇ ಆ ಕೌನ್ಸೆಲರ್ ಜಾಗದಲ್ಲಿ ಕೂತು ಫಾರ್ಮ್ ತುಂಬಬೇಕು, ಅಂಕಪಟ್ಟಿ ಅಪ್‌ಲೋಡ್ ಮಾಡಬೇಕು.

ಮೊದಲು ಹೊಟ್ಟೆನೋವಿನ ವಿಷಯ ಮಾತಾಡಿದೆವು. ಮೆಸೇಜನ್ನು ಗಟ್ಟಿಯಾಗಿ ಓದು ಅಂದೆ. ಓದಿದ. “ನೀನು ಆ ಸರ್ ಜಾಗದಲ್ಲಿದ್ದರೆ?” “ಬ್ಲಾಕ್ ಮಾಡ್ತಿದ್ದೆ ಮೇಡಂ” ಅಂದು ನಕ್ಕ. ಹಾಗಂತ ತಪ್ಪೆಲ್ಲ ಅವನದೇ ಅಲ್ಲ. ಹದಿನೇಳು ವರ್ಷದ ಹುಡುಗನನ್ನು ಕ್ಲಾಸಿನ ಮುಂದೆ ಆಡಿಕೊಳ್ಳಬಾರದಿತ್ತು, ಅದನ್ನು ಅವನಿಗೂ ಹೇಳಿದೆ. ಆದರೆ ಸರ್ ಸಿಟ್ಟು ಮಾಡಿಕೊಂಡಿದ್ದು ಕೇಳಿದ ರೀತಿಗೆ. ಅವನು ಲೆಟರ್‌ಗೆ ಯೋಗ್ಯನೋ ಅಲ್ಲವೋ ಎಂಬ ತೀರ್ಪು ಅದರಲ್ಲಿರಲಿಲ್ಲ. ಇವೆರಡನ್ನು ಬೇರೆ ಮಾಡಿ ನೋಡಲು ಅವನಿಗೆ ಸ್ವಲ್ಪ ಸಮಯ ಹಿಡಿಯಿತು.

ಆಮೇಲೆ ಒಂದು ಹಾಳೆ ಕೊಟ್ಟು, ಪ್ರತಿ ಲೆಕ್ಚರರ್ ಹೆಸರಿನ ಕೆಳಗೆ ಅವರ ಕ್ಲಾಸಿನಲ್ಲಿ ನಡೆದದ್ದು ಏನಾದರೂ ಇದ್ದರೆ ಬರಿ ಅಂದೆ. ಮಾರ್ಕ್ಸ್ ಬರೆಯಬಾರದು. ಗಣಿತದವರ ಕೆಳಗೆ ಏನೂ ಇಲ್ಲ. ಕೆಮಿಸ್ಟ್ರಿಯದೂ ಖಾಲಿ. ಫಿಸಿಕ್ಸ್‌ಗೆ ಬಂದಾಗ ಪೆನ್ನು ನಿಂತಿತು. ಫಸ್ಟ್ ಪಿಯುಸಿಯಲ್ಲಿ ರೊಟೇಷನಲ್ ಮೋಷನ್ ಪಾಠ ಅರ್ಥವಾಗದೆ ಸರ್ ಹಿಂದೆ ಸ್ಟಾಫ್ ರೂಮಿನವರೆಗೂ ಹೋಗಿದ್ದನಂತೆ. ಒಂದು ಟೆಸ್ಟಿನ ಕೀ ಆನ್ಸರ್ ತಪ್ಪಿದೆ ಅಂತ ತೋರಿಸಿದಾಗ ಸರ್ ಒಪ್ಪಿ ತಿದ್ದಿದ್ದರಂತೆ. ಹಾಸ್ಟೆಲ್‌ನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಜೂನಿಯರ್‌ಗಳಿಗೆ ಅದೇ ಪಾಠವನ್ನು ಕನ್ನಡದಲ್ಲಿ ಹೇಳಿಕೊಡುತ್ತಾನಂತೆ. “ಇದನ್ನೆಲ್ಲ ಬರೀಬಹುದಾ ಮೇಡಂ?” ಅಂದ. ಇದನ್ನೇ ಬರೆಯಬೇಕು ಮಾರಾಯ, ಅಂದೆ.

ಇಂಗ್ಲಿಷ್ ಮೇಡಂ ಹೆಸರನ್ನು ಅವನು ಹಾಳೆಯಲ್ಲಿ ಬರೆದೇ ಇರಲಿಲ್ಲ. ಕೇಳಿದರೆ, “ಸಿಇಟಿಗೆ ಇಂಗ್ಲಿಷ್ ಲೆಕ್ಕಕ್ಕೆ ಬರಲ್ವಲ್ಲ” ಅಂದ. ನಮ್ಮ ಸೈನ್ಸ್ ಮಕ್ಕಳಿಗೆ ಭಾಷೆಯ ಅಧ್ಯಾಪಕರು ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಈ ಹುಡುಗ ಮೊದಲ ಟೆಸ್ಟಿನಲ್ಲಿ ಇಂಗ್ಲಿಷ್ ಫೇಲ್. ವರ್ಷದ ಕೊನೆಗೆ ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ವಾದ ಮಾಡುತ್ತಿದ್ದ. ಅದನ್ನು ವಾರವಾರವೂ ಕಂಡವರು ಆ ಮೇಡಂ ಒಬ್ಬರೇ. ಅಮೆರಿಕದ ಎಂಐಟಿಯಂಥ ಕಾಲೇಜು ಎರಡು ಲೆಟರ್ ಕೇಳುವಾಗ ಒಂದು ಗಣಿತ ಅಥವಾ ವಿಜ್ಞಾನದವರಿಂದ, ಇನ್ನೊಂದು ಭಾಷೆ ಅಥವಾ ಸಮಾಜ ವಿಷಯದವರಿಂದ ಇರಲಿ ಎನ್ನುತ್ತದೆ. ಹಾಗಾಗಿ ಮೊದಲ ಹೆಸರು ಇಂಗ್ಲಿಷ್ ಮೇಡಂ, ಎರಡನೆಯದು ಫಿಸಿಕ್ಸ್ ಸರ್. ಹೈಸ್ಕೂಲಿನ ಗಣಿತ ಮೇಷ್ಟ್ರನ್ನು ಬಿಡಬೇಕಾಗಿಲ್ಲ. ಅಮೆರಿಕದ ನೂರಾರು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ‘ಇತರರು’ ಎಂಬ ಜಾಗವೂ ಇದೆ. ಕಾಲೇಜು ಅನುಮತಿಸಿದರೆ ಅಲ್ಲಿ ಅವರ ಲೆಟರ್ ಸೇರಿಸಬಹುದು.

ಕೇಳುವುದು ಹೇಗೆ? ಇದನ್ನು ನನ್ನ ರೂಮಿನಲ್ಲೇ ನಟನೆ ಮಾಡಿಸಿ ಕಲಿಸಿದೆ. ನಾನು ಫಿಸಿಕ್ಸ್ ಸರ್ ಆದೆ. ಎರಡು ಪೀರಿಯಡ್ ನಡುವೆ ಓಡಿಹೋಗಿ ಕೇಳಬೇಡ, ಪೇಪರ್ ತಿದ್ದುವ ದಿನಗಳಲ್ಲೂ ಬೇಡ. ಮಧ್ಯಾಹ್ನ ಊಟ ಮುಗಿದ ಮೇಲೆ ಹೋಗು. ಮೊದಲು ರಾತ್ರಿಯ ಮೆಸೇಜ್‌ಗೆ ಸಾರಿ ಹೇಳು, ಒಂದೇ ಸಲ ಸಾಕು. ಆಮೇಲೆ ಹೀಗೆ: “ಸರ್, ಒಳ್ಳೆ ಲೆಟರ್ ಬರೆಯೋ ಅಷ್ಟು ನಾನು ನಿಮಗೆ ಗೊತ್ತು ಅನ್ಸುತ್ತಾ? ಆಗಲ್ಲ ಅಂದ್ರೂ ಬೇಜಾರಿಲ್ಲ ಸರ್.” ಈ ಕೊನೆಯ ಮಾತು ಬಹಳ ಮುಖ್ಯ. ಬಾಗಿಲು ತೆರೆದಿಟ್ಟರೆ, ಮನಸ್ಸಿಲ್ಲದವರು ಮರ್ಯಾದೆಯಿಂದ ಹಿಂದೆ ಸರಿಯುತ್ತಾರೆ. ಒತ್ತಾಯಕ್ಕೆ ಒಪ್ಪಿದವರು ಬರೆಯುವ ಲೆಟರ್ ನಮ್ಮ ಕಾಂಡಕ್ಟ್ ಸರ್ಟಿಫಿಕೇಟ್ ಥರ ಇರುತ್ತದೆ. ‘ನಡತೆ ಉತ್ತಮವಾಗಿದೆ, ಮುಂದಿನ ಜೀವನಕ್ಕೆ ಶುಭವಾಗಲಿ.’ ಅದರಲ್ಲಿ ಯಾರ ಹೆಸರು ಹಾಕಿದರೂ ನಡೆಯುತ್ತದೆ.

ಒಪ್ಪಿದರೆ ಒಂದು ಪುಟ ಕೊಡಬೇಕು. ಅದರಲ್ಲಿ ಯಾವ ಕಾಲೇಜು, ಯಾವ ವಿಷಯ, ಕೊನೆ ದಿನಾಂಕ, ಅವರ ಕ್ಲಾಸಿನಲ್ಲಿ ನಡೆದ ಎರಡು ಮೂರು ಘಟನೆ. ಲೆಟರ್ ಜೊತೆ ಆನ್‌ಲೈನ್ ಫಾರ್ಮ್‌ನಲ್ಲಿ ವಿದ್ಯಾರ್ಥಿಯನ್ನು ಅಳೆಯುವ ಪಟ್ಟಿಯೂ ಇರುತ್ತದೆ, ಗೊತ್ತಿಲ್ಲದ್ದಕ್ಕೆ ‘ಹೇಳಲು ಆಧಾರವಿಲ್ಲ’ ಎಂದು ಒತ್ತಬಹುದು. ಇದನ್ನೂ ಸರ್‌ಗೆ ಹೇಳು ಅಂದೆ. ಲೆಟರ್ ಕಳಿಸಲು ಅಧ್ಯಾಪಕರ ಇಮೇಲ್‌ಗೆ ಬರುವ ಲಿಂಕ್ ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗಿ ಕೂತಿರುತ್ತದೆ, ಅದನ್ನೂ ನೋಡಲು ಹೇಳಬೇಕು.

‘ನೀನೇ ಬರ್ಕೊಂಡ್ ಬಾ’ ಅನ್ನುವವರ ಬಗ್ಗೆ ನನಗೆ ಸಿಟ್ಟಿಲ್ಲ. ಬಹಳ ಜನ ಸೋಮಾರಿತನದಿಂದ ಹಾಗೆ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆಯಲು ಅಂಜಿಕೆ, ಇಲ್ಲವೇ ಇಂಥ ಲೆಟರ್ ನೋಡಿಯೇ ಇಲ್ಲ. ಆದರೂ ಹುಡುಗ ತನ್ನನ್ನು ತಾನೇ ಹೊಗಳಿ ಬರೆದು ಬೇರೆಯವರ ಸಹಿ ಹಾಕಿಸುವುದು ಸುಳ್ಳೇ. “ಸರ್, ವಿಷಯ ಎಲ್ಲಾ ಈ ಹಾಳೆಯಲ್ಲಿದೆ, ಮಾತು ನಿಮ್ಮದೇ ಇರಲಿ” ಅಂತ ಕೈಗಿಡು ಅಂದೆ. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಧ್ಯಾಪಕರಿಂದ ಅನುವಾದ ಮಾಡಿಸಿ ಎರಡನ್ನೂ ಸೇರಿಸುವ ದಾರಿಯಿದೆ. ಆಯಾ ಕಾಲೇಜಿನ ನಿಯಮ ನೋಡಿಕೊಂಡು ಮಾಡಬೇಕು.

ಒಬ್ಬ ಕನ್ಸಲ್ಟೆನ್ಸಿಯವರು ಇವನಿಗೆ ಸುಲಭದ ದಾರಿ ಹೇಳಿದ್ದರು. ಸರ್ ಹೆಸರಿನಲ್ಲಿ ಜಿಮೇಲ್ ಮಾಡಿ ಲೆಟರನ್ನು ಅವರೇ ಏರಿಸುತ್ತಾರಂತೆ. ಇದಕ್ಕೆ ಮಾತ್ರ ಖಡಕ್ಕಾಗಿ ಬೇಡ ಅಂದೆ. ಗೊತ್ತಾದರೆ ಸಿಕ್ಕ ಸೀಟೂ ಹೋಗುತ್ತದೆ, ಸರ್ ಹೆಸರೂ ಕೆಡುತ್ತದೆ.

ತಂದೆ ಒಂದು ಶನಿವಾರ ಊರಿನಿಂದ ಬಂದರು. ಕಬ್ಬು ಬೆಳೆಯುವವರು, ನೇರ ಮಾತು. “ನಮ್ ಎಮ್ಮೆಲ್ಲೆ ತಾವ ಒಂದ್ ಲೆಟ್ರು ಈಸ್ಕೊಂಡ್ ಬತ್ತೀನಿ, ಆಗಾಕಿಲ್ವಾ ಮೇಡಂ?” “ಎಮ್ಮೆಲ್ಲೆ ನಿಮ್ಮ ಮಗನಿಗೆ ಪಾಠ ಮಾಡಿದ್ದಾರಾ ಗೌಡ್ರೇ?” ಅಂದೆ. ಅವರೇ ನಕ್ಕು ಆ ಮಾತು ಬಿಟ್ಟರು. ಸಿಟ್ಟಾಗಿದ್ದು ಇನ್ನೊಂದಕ್ಕೆ. ಅಮೆರಿಕದಲ್ಲಿ 1974ರ ಫೆರ್ಪಾ ಎಂಬ ಕಾನೂನಿದೆ. ಅದರ ಪ್ರಕಾರ ಸೀಟು ಸಿಕ್ಕಿ ಸೇರಿದ ಮೇಲೆ ವಿದ್ಯಾರ್ಥಿ ತನ್ನ ಲೆಟರ್ ನೋಡಲು ಕೇಳಬಹುದು. ಆ ಹಕ್ಕು ಬಿಟ್ಟುಕೊಡುತ್ತೀಯಾ ಎಂದು ಕಾಮನ್ ಆ್ಯಪ್ ಮೊದಲೇ ಕೇಳುತ್ತದೆ. “ನಮ್ ಐದನ ಮ್ಯಾಲೆ ಏನ್ ಬರದವ್ರೆ ಅಂತ ನಾವೇ ನೋಡಬಾರ್ದಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೂ ಬಿಟ್ಟುಕೊಡಿ ಅಂದೆ. ಹುಡುಗ ಓದುವುದಿಲ್ಲ ಎಂದು ಗೊತ್ತಿದ್ದರೆ ಅಧ್ಯಾಪಕರು ಮನಸ್ಸು ಬಿಚ್ಚಿ ಬರೆಯುತ್ತಾರೆ, ಓದುವವರೂ ಅದನ್ನು ನಂಬುತ್ತಾರೆ. ಕೆಟ್ಟದಾಗಿ ಬರೆಯುವ ಭಯವಿದ್ದರೆ ಅಂಥವರನ್ನು ಕೇಳುವುದೇ ಬೇಡ.

ಲೆಕ್ಚರರ್‌ಗಳಿಗೆ ಒಂದೊಂದು ಪಿಂಡಿ ಆಲೆಮನೆ ಬೆಲ್ಲ ತಂದುಕೊಡುವ ಯೋಚನೆಯೂ ಅವರಿಗಿತ್ತು. ಲೆಟರ್ ಹೋದ ಮೇಲೆ ಕೊಡಿ, ಮೊದಲು ಬೇಡ ಅಂದೆ.

ದಿನಾಂಕಗಳದ್ದೇ ಇನ್ನೊಂದು ತಲೆನೋವು. ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗ ಹಾಕುವವರಿಗೆ ಬಹಳ ಕಡೆ ನವೆಂಬರ್ 1 ಕೊನೆ ದಿನ. ಇಲ್ಲಿ ಅವತ್ತು ರಾಜ್ಯೋತ್ಸವದ ರಜೆ. ಅದಕ್ಕೂ ಮೊದಲು ದಸರಾ ರಜೆ ಬರುತ್ತದೆ, ಆಗ ಮೈಸೂರಿನಲ್ಲಿ ಯಾವ ಸ್ಟಾಫ್ ರೂಮೂ ತೆರೆದಿರುವುದಿಲ್ಲ. ಕಿರಣನಿಗೆ ಅವಸರ ಬೇಡ, ಜನವರಿ ಮೊದಲ ವಾರದ ಸುತ್ತಿನಲ್ಲಿ ಹಾಕು ಅಂದೆ. ಕೇಳುವುದು ಮಾತ್ರ ದಸರಾಕ್ಕೆ ಮೊದಲೇ, ನೆನಪಿಸುವುದು ದೀಪಾವಳಿ ಕಳೆದ ಮೇಲೆ ಒಂದು ಸಲ, ಡಿಸೆಂಬರ್ ಮಧ್ಯದಲ್ಲಿ ಇನ್ನೊಂದು ಸಲ. ಲೆಟರ್ ತಲೆನೋವೇ ಬೇಡ ಅನ್ನುವವರಿಗೆ ಒಂದು ಮಾತು: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪದವಿಯ ಅರ್ಜಿಗೆ ಸಾಮಾನ್ಯವಾಗಿ ಲೆಟರ್ ಕೇಳುವುದಿಲ್ಲ. ಆದರೆ ಅಲ್ಲಿ ಹೊರದೇಶದವರಿಗೆ ಹಣದ ನೆರವು ಸಿಗುವುದು ಕಷ್ಟ, ಕಿರಣನಿಗೆ ಅದು ಹೊಂದುತ್ತಿರಲಿಲ್ಲ.

ಇಂಗ್ಲಿಷ್ ಮೇಡಂ ಕೇಳಿದ ಕೂಡಲೇ ಒಪ್ಪಿದರು. ‘ಇಷ್ಟು ದಿನ ಯಾರೂ ನನ್ನ ಕೇಳೇ ಇರಲಿಲ್ಲ’ ಅಂದರಂತೆ. ಫಿಸಿಕ್ಸ್ ಸರ್ ಮೊದಲ ಸಲ “ನೋಡೋಣ” ಎಂದು ಕಳಿಸಿದರು. ಹುಡುಗ ಮತ್ತೆ ನನ್ನ ಹತ್ತಿರ ಬಂದು, ಇದು ಇಲ್ಲ ಅಂತಲಾ ಅಂತ ಕೇಳಿದ. ಇಲ್ಲ ಅನ್ನುವವರು ನೇರವಾಗಿ ಹೇಳುವುದು ಕಡಿಮೆ, ಹಾಗಾಗಿ ಇನ್ನೊಬ್ಬರನ್ನೂ ಯೋಚಿಸಿಟ್ಟುಕೋ, ಆದರೆ ಕ್ಲಾಸಿಗೆ ಹೋಗು ಅಂದೆ. ಹೋದ. ಒಂದು ದಿನ ಸರ್ ತಾವೇ ಕರೆದು, ಕೀ ಆನ್ಸರ್ ತಿದ್ದಿಸಿದ ಹುಡುಗ ನೀನೇ ಅಲ್ವೇನೋ ಎಂದು ಕೇಳಿ ಹಾಳೆ ಇಸಿದುಕೊಂಡರು. ಕ್ಲಾಸಿನಲ್ಲಿ ನಕ್ಕಿದ್ದರ ಬಗ್ಗೆ ಅವರು ಏನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಲೆಟರ್‌ಗಳು ಹೋಗಿವೆ. ಅವುಗಳಲ್ಲಿ ಏನಿದೆ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉತ್ತರ ಬರುವುದು ಮಾರ್ಚ್ ಕೊನೆಯ ಹೊತ್ತಿಗೆ, ಸರಿಯಾಗಿ ಪರೀಕ್ಷೆಯ ಗಲಾಟೆಯಲ್ಲಿ. ಏನೇ ಬಂದರೂ ಇಬ್ಬರಿಗೂ ಹೋಗಿ ತಿಳಿಸು, ಮೆಸೇಜ್ ಹಾಕಬೇಡ ಅಂದಿದ್ದೇನೆ. ಸಿಇಟಿಗೂ ಓದುತ್ತಿದ್ದಾನೆ. ಅದನ್ನು ಬಿಡಬೇಡ ಅಂತ ಮೊದಲ ದಿನವೇ ಮಾತಾಗಿತ್ತು.